ಗಡ್ಡೆಯ ಅಂಚು ತೋರುವ ಬೆಳಕು ಬಾಯಿ ಕ್ಯಾನ್ಸರ್‌ಗೂ ಬರಲಿ

ಕ್ಯಾನ್ಸರ್ ಗಡ್ಡೆಗೆ ಕತ್ತಿ ಹಾಕಿದ ವೈದ್ಯರನ್ನು ಕಾಡುವುದು ಎಲ್ಲಿಗೆ ನಿಲ್ಲಿಸಬೇಕು ಎಂಬ ಪ್ರಶ್ನೆ. ಕಣ್ಣಿಗೆ ಕಾಣುವ ಗಡ್ಡೆಯಾಚೆಗೂ ರೋಗದ ಕೋಶಗಳು ಚಾಚಿರುತ್ತವೆ. ಅದನ್ನು ಅಲ್ಲೇ ತಿಳಿಯಲು ಇರುವ ದಾರಿ ಫ್ರೋಜನ್ ಸೆಕ್ಷನ್. ಅಂಚಿನ ಚೂರನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಕೊಯ್ದು, ಬಣ್ಣ ಹಾಕಿ ಪೆಥಾಲಜಿಸ್ಟ್ ನೋಡಬೇಕು. ರೋಗಿ ಅರಿವಳಿಕೆಯಲ್ಲಿರುವಾಗಲೇ ಅರ್ಧ ಗಂಟೆ ಕಳೆಯುತ್ತದೆ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಟಾಡ್ ಹೊಲನ್ ಮತ್ತು ಸಂಗಡಿಗರು ಈ ಕಾಯುವಿಕೆಯನ್ನು ತಗ್ಗಿಸಿದ್ದಾರೆ. ಅವರ ವಿಧಾನದಲ್ಲಿ ಲೇಸರ್ ಬೆಳಕು ಅಂಗಾಂಶದ ಕೊಬ್ಬು, ಪ್ರೋಟೀನ್‌ಗಳಿಗೆ ತಾಗಿ ಚದುರುವ ಬಗೆಯಿಂದಲೇ ಚಿತ್ರ ಮೂಡುತ್ತದೆ. ಬಣ್ಣವೂ ಬೇಡ, ಹೆಪ್ಪುಗಟ್ಟಿಸುವುದೂ ಬೇಡ. 1928ರಲ್ಲಿ ಸಿ.ವಿ. ರಾಮನ್ ಕಂಡುಹಿಡಿದ ಪರಿಣಾಮವೇ ಇದರ ತಳಹದಿ. ಚಿತ್ರವನ್ನು ಓದುವುದು ಕೃತಕ ಬುದ್ಧಿಮತ್ತೆ. ಮಿದುಳಿನ ಗಡ್ಡೆಯಿದ್ದ 278 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದ ವರದಿ 2020ರಲ್ಲಿ ಬಂತು. ಯಂತ್ರ ಶೇ 94.6ರಷ್ಟು, ಪೆಥಾಲಜಿಸ್ಟ್‌ಗಳು ಶೇ 93.9ರಷ್ಟು ಸರಿಯಾಗಿ ಹೇಳಿದ್ದರು. ಯಂತ್ರಕ್ಕೆ ಮೂರು ನಿಮಿಷವೂ ಬೇಕಾಗಲಿಲ್ಲ. 2024ರಲ್ಲಿ ಬಂದ ಇದೇ ಬಗೆಯ ‘ಫಾಸ್ಟ್‌ಗ್ಲಿಯೋಮಾ’ ಎಂಬ ಕೃತಕ ಬುದ್ಧಿಮತ್ತೆ, ಕತ್ತರಿಸಿದ ಜಾಗದಲ್ಲಿ ರೋಗ ಉಳಿದಿದೆಯೇ ಎಂಬುದನ್ನು 10 ಸೆಕೆಂಡಿನಲ್ಲಿ ತಿಳಿಸುತ್ತದೆ.

ಹಾಗೆಂದು ರೋಗಿಯ ಆಯುಸ್ಸು ಹೆಚ್ಚಿತು ಎನ್ನುವಂತಿಲ್ಲ. ಗಡ್ಡೆಯ ಅಂಚು ತೋರುವ ಇನ್ನೊಂದು ವಿಧಾನವನ್ನೇ ನೋಡಿ: ನೀಲಿ ಬೆಳಕಿನಲ್ಲಿ ಗಡ್ಡೆಯನ್ನು ಹೊಳೆಯಿಸುವ ಔಷಧವನ್ನು ಮಿದುಳಿನ ರೋಗಿಗಳಿಗೆ ಕುಡಿಸಿ ನಡೆಸಿದ ಜರ್ಮನಿಯ ಪ್ರಯೋಗದ ಫಲಿತಾಂಶ 2006ರಲ್ಲಿ ಪ್ರಕಟವಾಗಿತ್ತು. ಗಡ್ಡೆ ಪೂರ್ತಿ ತೆಗೆದ ಪ್ರಮಾಣ ಶೇ 36ರಿಂದ 65ಕ್ಕೇರಿತು. ಒಟ್ಟು ಬದುಕುಳಿದ ಅವಧಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಗ್ಲಿಯೋಮಾ ಎಂಬ ಈ ಗಡ್ಡೆ ಮಿದುಳಿನೊಳಗೆ ಬೇರುಬಿಡುವ ರೋಗ. ಅದನ್ನು ಬೆನ್ನಟ್ಟಿ ಕತ್ತರಿಸುತ್ತ ಹೋದರೆ ಮಾತೋ ಕೈಕಾಲೋ ಹೋಗುತ್ತದೆ.

ಬಾಯಿ ಕ್ಯಾನ್ಸರ್‌ನ ಲೆಕ್ಕವೇ ಬೇರೆ. ಗಡ್ಡೆಯ ಸುತ್ತ 5 ಮಿಲಿಮೀಟರ್ ಆರೋಗ್ಯವಂತ ಅಂಗಾಂಶ ಸಿಕ್ಕರೆ ಅಂಚು ಶುದ್ಧವೆನ್ನುತ್ತಾರೆ. ಆರಂಭದ ಹಂತದಲ್ಲಿ ಹಾಗೆ ತೆಗೆದರೆ ಗುಣವಾಗುವ ಸಾಧ್ಯತೆ ಚೆನ್ನಾಗಿರುತ್ತದೆ. ಅಂಚಿನಲ್ಲಿ ರೋಗ ಉಳಿದರೆ ಅದು ಮರುಕಳಿಸುವ ಭಯ; ಮತ್ತೆ ಶಸ್ತ್ರಚಿಕಿತ್ಸೆ, ಮತ್ತೆ ವಿಕಿರಣ. ಅತಿಯಾಗಿ ಕತ್ತರಿಸಿದರೂ ಕಷ್ಟವೇ: ನಾಲಿಗೆ ಹೋದಷ್ಟೂ ಮಾತು, ನುಂಗುವ ಶಕ್ತಿ ಹೋಗುತ್ತದೆ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದು. ಇಲ್ಲಿ ನಮಗೆ ಬೆಳಕಿನ ನೆರವು ಮೊದಲು ಬೇಕು.

ಆದರೆ ಯಂತ್ರ ತನಗೆ ಕಲಿಸಿದ್ದನ್ನಷ್ಟೇ ಬಲ್ಲದು. ಗುಟ್ಕಾ, ಅಡಿಕೆಯಿಂದ ಬಿಗಿದು ಬಿಳಿಚಿದ ಕೆನ್ನೆಯ ಒಳಪದರವನ್ನೇ ಕಾಣದ ಯಂತ್ರ ನಮ್ಮ ರೋಗಿಯ ಮುಂದೆ ಎಡವಬಹುದು. ಆ ಪಾಠಕ್ಕೆ ಬೇಕಾದ ಅಂಗಾಂಶ, ಅನುಭವಿ ಪೆಥಾಲಜಿಸ್ಟ್‌ಗಳು ಬೆಂಗಳೂರಿನ ಕಿದ್ವಾಯಿಯಲ್ಲಿ, ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ಇದ್ದಾರೆ. ರೋಗಿಯ ಒಪ್ಪಿಗೆ ಪಡೆದು, ಹೆಸರು ಅಳಿಸಿ, ಪ್ರತಿ ಚಿತ್ರವನ್ನು ಅಂತಿಮ ಪೆಥಾಲಜಿ ವರದಿಯೊಂದಿಗೆ ಜೋಡಿಸಿಡುವ ಕೆಲಸಕ್ಕೆ ಸರ್ಕಾರ ಹಣ ಕೊಡಬೇಕು. ಅದನ್ನು ಖಾಸಗಿ ಕಂಪನಿಗಳಿಗೆ ಬಿಟ್ಟರೆ ದೊಡ್ಡ ಆಸ್ಪತ್ರೆಗಳ ದುಬಾರಿ ಸೌಲಭ್ಯವಾಗಿಯೇ ಉಳಿಯುತ್ತದೆ. ನಮ್ಮ ರೋಗಿಗಳಲ್ಲಿ ಪರೀಕ್ಷಿಸಿ ಗೆದ್ದ ಯಂತ್ರ, ಫ್ರೋಜನ್ ಸೆಕ್ಷನ್ ಸೌಲಭ್ಯವಿಲ್ಲದ ಜಿಲ್ಲೆಗಳ ಶಸ್ತ್ರಚಿಕಿತ್ಸಾ ಕೊಠಡಿಗೇ ಮೊದಲು ಹೋಗಲಿ.