ಉಗ್ರಾಣದಲ್ಲಿ ಅಡಗಿದ ಇತಿಹಾಸ

ವಸ್ತುಸಂಗ್ರಹಾಲಯವು ರಾಜಕೀಯದ ಗಾಳಿ ಸೋಕದ ವಿದ್ಯಾಮಂದಿರವೆಂಬ ಭಾವನೆ ವಿದ್ಯಾವಂತರಲ್ಲಿ ಬಲವಾಗಿ ಬೇರೂರಿದೆ. ಗಾಜಿನ ಪೆಟ್ಟಿಗೆಯೊಳಗೆ ವಸ್ತು, ಅದರ ಕೆಳಗೆ ಹೆಸರು ಮತ್ತು ಇಸವಿ. ಇದರಲ್ಲಿ ಪಕ್ಷಪಾತಕ್ಕೆ ಎಡೆಯೆಲ್ಲಿ ಎಂದು ಕೇಳುವವರುಂಟು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1992ನೆಯ ಇಸವಿಯಲ್ಲಿ ಆರಂಭವಾದ ಒಂದು ಪ್ರದರ್ಶನವು ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ನಮ್ಮ ವಾಚಕರ ಮುಂದಿಡಬಯಸುತ್ತೇವೆ.

1844ರಲ್ಲಿ ಸ್ಥಾಪಿತವಾದ ಮೇರಿಲ್ಯಾಂಡ್ ಐತಿಹಾಸಿಕ ಸಂಘದ ಸಂಗ್ರಹಾಲಯಕ್ಕೆ ಫ್ರೆಡ್ ವಿಲ್ಸನ್ ಎಂಬ ಆಫ್ರಿಕನ್ ಮೂಲದ ಕಲಾವಿದರು ಆಹ್ವಾನಿತರಾಗಿ ಬಂದರು. ಅವರು ಹೊಸ ಚಿತ್ರ ಬರೆಯುವುದಕ್ಕಾಗಲಿ, ವಿಗ್ರಹ ಕೆತ್ತುವುದಕ್ಕಾಗಲಿ ತೊಡಗಲಿಲ್ಲ. ಸಂಘದ ಉಗ್ರಾಣವನ್ನು ಶೋಧಿಸಿ, ಅಲ್ಲಿದ್ದ ವಸ್ತುಗಳನ್ನೇ ಬೇರೊಂದು ಕ್ರಮದಲ್ಲಿ ಜೋಡಿಸಿದರು. ಪ್ರದರ್ಶನಕ್ಕೆ 'ಮೈನಿಂಗ್ ದಿ ಮ್ಯೂಸಿಯಂ', ಅಂದರೆ ಸಂಗ್ರಹಾಲಯವನ್ನು ಗಣಿಯಂತೆ ಅಗೆಯುವುದು, ಎಂದು ಹೆಸರಿಟ್ಟರು.

ಒಂದು ಪೆಟ್ಟಿಗೆಯಲ್ಲಿ ಕುಸುರಿ ಕೆಲಸದ ಬೆಳ್ಳಿಯ ಹೂಜಿಗಳೂ ಬಟ್ಟಲುಗಳೂ ಇದ್ದವು. ಅವುಗಳ ನಡುವೆ ಗುಲಾಮರಿಗೆ ತೊಡಿಸುತ್ತಿದ್ದ ಕಬ್ಬಿಣದ ಬೇಡಿಯಿತ್ತು. ಚೀಟಿಯಲ್ಲಿದ್ದುದು 'ಲೋಹದ ಕೆಲಸ, 1793–1880' ಎಂದಷ್ಟೆ. ಇನ್ನೊಂದು ಕಡೆ ಶ್ರೀಮಂತರ ಕುರ್ಚಿಗಳೆಲ್ಲವೂ ಛಡಿಯೇಟಿನ ಕಂಬವೊಂದಕ್ಕೆ ಅಭಿಮುಖವಾಗಿದ್ದವು. ಮತ್ತೊಂದು ಕಡೆ ನೆಪೋಲಿಯನ್, ಹೆನ್ರಿ ಕ್ಲೇ, ಆಂಡ್ರ್ಯೂ ಜಾಕ್ಸನ್ ಇವರ ಎದೆಮಟ್ಟದ ಪ್ರತಿಮೆಗಳು. ಮೂವರಲ್ಲಿ ಒಬ್ಬರೂ ಮೇರಿಲ್ಯಾಂಡಿನವರಲ್ಲ! ಪಕ್ಕದಲ್ಲಿ ಮೂರು ಬರಿದಾದ ಪೀಠಗಳು. ಅವುಗಳ ಮೇಲಿದ್ದ ಹೆಸರುಗಳು ಆ ನೆಲದಲ್ಲಿಯೇ ಹುಟ್ಟಿದ ಹ್ಯಾರಿಯೆಟ್ ಟಬ್‌ಮನ್, ಫ್ರೆಡರಿಕ್ ಡಗ್ಲಾಸ್, ಬೆಂಜಮಿನ್ ಬ್ಯಾನೆಕರ್ ಎಂಬುವು. ಗುಲಾಮಗಿರಿಯಿಂದ ಜನರನ್ನು ಪಾರುಗಾಣಿಸಿದವಳಿಗೂ, ಅದರ ವಿರುದ್ಧ ಸಿಡಿಲಿನಂತೆ ನುಡಿದ ವಾಗ್ಮಿಗೂ, ಪಂಚಾಂಗಗಳನ್ನು ರಚಿಸಿದ ಗಣಿತಜ್ಞನಿಗೂ ಆ ಸಂಗ್ರಹದಲ್ಲಿ ಪ್ರತಿಮೆಯಿರಲಿಲ್ಲ.

ಕಲಾವಿದನು ತನ್ನ ಮತವನ್ನು ಇತಿಹಾಸದ ಮೇಲೆ ಹೇರಿದನೆಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪವು ನಿಲ್ಲತಕ್ಕುದಲ್ಲ. ವಿಲ್ಸನ್ನರು ಬೆಳ್ಳಿಯನ್ನು ತೆಗೆದುಹಾಕಲಿಲ್ಲ. ಅದರ ಪಕ್ಕದಲ್ಲಿ ಬೇಡಿಯನ್ನಿಟ್ಟರು. ಎರಡೂ ಸಂಘದ ಸ್ವತ್ತೇ, ಎರಡೂ ಒಂದೇ ಸಮಾಜದ ಕೈಗೆಲಸವೇ. ಮೇರಿಲ್ಯಾಂಡಿನಲ್ಲಿ ಗುಲಾಮಗಿರಿ ರದ್ದಾದುದು 1864ರಲ್ಲಿ. ಅದುವರೆಗೆ ಬೆಳ್ಳಿಯ ಬಟ್ಟಲಿನಲ್ಲಿ ಉಂಡವರ ಸಿರಿಗೂ ಬೇಡಿ ತೊಟ್ಟವರ ದುಡಿಮೆಗೂ ಇದ್ದ ಸಂಬಂಧವನ್ನು ಮರೆಮಾಡಿ ಒಂದನ್ನು ಮಾತ್ರ ತೋರಿಸುವುದೂ ಒಂದು ಮತವೇ. ಮೌನದಿಂದ ಹೇಳಿದುದರಿಂದಲೇ ಅದು ನಿಷ್ಪಕ್ಷಪಾತವೆನಿಸಲಾರದು.

ಬಾಗಿಲು ತೆರೆದುಕೊಟ್ಟ ಸಂಘದ ಧೈರ್ಯವೂ ಶ್ಲಾಘ್ಯವಾದುದೇ. ಆದರೆ 1993ರಲ್ಲಿ ಪ್ರದರ್ಶನವು ಮುಗಿಯಿತು. ಅತಿಥಿಯೊಬ್ಬನಿಗೆ ಕೆಲವು ತಿಂಗಳ ಸ್ವಾತಂತ್ರ್ಯ ಕೊಟ್ಟು, ಅನಂತರ ಹಳೆಯ ಕ್ರಮಕ್ಕೇ ಮರಳುವುದಾದರೆ ಎಂತಹ ಸಂಸ್ಥೆಗೂ ಅದರಿಂದ ಕೀರ್ತಿ ಬಂದೀತೇ ಹೊರತು ಸುಧಾರಣೆಯಾಗದು. ಕಲಾವಿದನು ಪ್ರಶ್ನೆಯನ್ನೆತ್ತಬಲ್ಲನು, ಉತ್ತರವನ್ನು ನಿತ್ಯವ್ಯವಸ್ಥೆಯಾಗಿ ಉಳಿಸಬೇಕಾದವರು ಅಧಿಕಾರಿಗಳು. ಸಾರ್ವಜನಿಕ ಸಂಗ್ರಹಾಲಯಗಳು ತಮ್ಮ ಉಗ್ರಾಣದ ಪೂರ್ಣ ಪಟ್ಟಿಯನ್ನು ಪ್ರಕಟಿಸಲಿ. ಯಾವುದನ್ನು ತೋರಿಸುತ್ತೇವೆ, ಯಾವುದನ್ನು ಏಕೆ ತೋರಿಸುವುದಿಲ್ಲವೆಂಬುದಕ್ಕೆ ಕಾರಣ ಹೇಳಲಿ. ಪ್ರಜೆಗಳ ಹೆಸರಿನಲ್ಲಿ ಕಾಪಾಡಿದ ವಸ್ತುವನ್ನು ಪ್ರಜೆಗಳಿಂದಲೇ ಬಚ್ಚಿಡುವ ಅಧಿಕಾರವು ಯಾವ ಪಾಲಕನಿಗೂ ಇಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ.