ಚಾಕು ಮಾಡಿದವರನ್ನೇ ಕೇಳಿ

ಚಾಕು ಕೊಳ್ಳುವಾಗ ನಾವು ಕೇಳೋದು ಒಂದೇ ಮಾತು, "ಎಷ್ಟಪ್ಪಾ ಇದಕ್ಕೆ?" ಜಪಾನಿನ ಸೆಕಿ ಊರಿನ ಹೆಂಗಸರಿಗೆ ಇನ್ನೂ ನಾಲ್ಕು ಮಾತು ಕೇಳುವ ಅನುಕೂಲವಿದೆ ನೋಡಿ.

ಅಲ್ಲಿ ಸುಮಾರು 700 ವರ್ಷಗಳ ಹಿಂದೆಯೇ ಯುದ್ಧದ ಕತ್ತಿ ಮಾಡುವ ಕಮ್ಮಾರರಿದ್ದರು. 1876ರಲ್ಲಿ ಸಾಮುರಾಯಿಗಳು ಸೊಂಟಕ್ಕೆ ಕತ್ತಿ ಕಟ್ಟಿ ಓಡಾಡಬಾರದೆಂದು ಸರಕಾರ ಕಟ್ಟಳೆ ಮಾಡಿತು. ಆ ಕಸುಬು ಚಾಕು-ಕತ್ತರಿಗಳತ್ತ ತಿರುಗಿ ಅಡಿಗೆಮನೆ ಸೇರಿತು. ಈಗ ಪ್ರತಿ ವರ್ಷ ಅಲ್ಲಿ ಚಾಕು-ಕತ್ತರಿಗಳದೇ ಜಾತ್ರೆ! ಕೈಯಿಂದ ಚಾಕು ಮಾಡುವವರ ಪ್ರದರ್ಶನವೂ ಉಂಟು. ಮಾಡಿದಾತನೇ ಎದುರಿಗಿರುತ್ತಾನೆ.

ಅಂಥವರನ್ನು ಏನು ಕೇಳಬೇಕು ಅಂತೀರಾ? "ಯಾವ ಉಕ್ಕು? ತುಕ್ಕು ಹಿಡಿಯುತ್ತದಾ? ಹೇಗೆ ಮಸೆಯಬೇಕು?" ಇಂಗಾಲ ಹೆಚ್ಚಿರುವ ಬರೀ ಉಕ್ಕಿನ ಚಾಕು ಬಲು ಹರಿತ. ಆದರೆ ನಿಂಬೆಹಣ್ಣು ಹೆಚ್ಚಿ ಹಾಗೇ ಬಿಟ್ಟಿರೋ, ತುಕ್ಕು ಗ್ಯಾರಂಟಿ. ಕೂಡಲೇ ತೊಳೆದು ಒರೆಸಿಡಿ. ಕಲ್ಲಿನ ಕಟ್ಟೆ ಮೇಲೆ ಹೆಚ್ಚಬೇಡಿ, ಬಾಯಿ ಹೋಗುತ್ತದೆ. ಮರದ ಮಣೆ ಇರಲಿ. ಹರಿತ ಚಾಕುವಿಗೆ ಹೆದರಿ ಮೊಂಡು ಚಾಕುವಿನಲ್ಲೇ ದಿನ ತಳ್ಳುವವರಿದ್ದಾರೆ. ಒತ್ತಿ ಒತ್ತಿ ಹೆಚ್ಚುವಾಗ ಜಾರಿ ಕೈ ಕೊಯ್ಯುವುದು ಅದೇ!

ನವೆಂಬರ್ 8ರಂದು ಸೆಕಿಯಲ್ಲಿ ಸವೆದ ಚಾಕುಗಳಿಗೆ ಪೂಜೆ ಮಾಡಿ ಕೃತಜ್ಞತೆ ಸಲ್ಲಿಸುತ್ತಾರೆ. ನಮ್ಮ ಆಯುಧಪೂಜೆ ನೆನಪಾಯಿತಲ್ಲವೇ? ಆ ದಿನ ಈಳಿಗೆಮಣೆಗೆ ಕುಂಕುಮ ಹಚ್ಚುವ ನಾವು, ಅದನ್ನು ಮಾಡಿದ ಕಮ್ಮಾರನನ್ನೂ ಒಮ್ಮೆ ಮಾತಾಡಿಸೋಣ. ಮುಂದಿನ ಸಂತೆಯಲ್ಲಿ ಚೌಕಾಸಿಗೆ ಮುಂಚೆ ಈ ಪ್ರಶ್ನೆಗಳನ್ನು ಕೇಳಿ ನೋಡಿ. ಮಸೆಯುವ ವಿದ್ಯೆಯೂ ಬಿಟ್ಟಿಯಾಗಿ ಸಿಕ್ಕೀತು!