ಪ್ರಾಜೆಕ್ಟ್ ಕೊಳ್ಳುವ ಬದಲು ಮಿಂಚಿನ ಚೆಂಡು ಮಾಡೋಣ

ಏಳನೇ ಸೆಮಿಸ್ಟರ್ ಹತ್ತಿರ ಬಂತೆಂದರೆ ಎಂಜಿನಿಯರಿಂಗ್ ಹುಡುಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೇ ಪ್ರಶ್ನೆ: 'ಪ್ರಾಜೆಕ್ಟ್ ಎಲ್ಲಿ ಸಿಗುತ್ತೆ, ರೇಟ್ ಎಷ್ಟು?' ದುಡ್ಡು ಕೊಟ್ಟರೆ ಮಾಡೆಲ್, ವರದಿ, ಪಿಪಿಟಿ ಎಲ್ಲವೂ ಕೈಗೆ ಬರುತ್ತದೆ. ಅರೆಕೆರೆಯ ನಮ್ಮ ಪಿಜಿಯಲ್ಲಿ ನಾನು ಚೆಂಡು ಮಿಂಚಿನ ವಿಷಯ ಎತ್ತಿದಾಗ ಗೆಳೆಯರು ನಕ್ಕರು. 'ಕೊಳ್ಳಿದೆವ್ವದ ಕಥೆ ಬಿಡೋ' ಅಂದ ಒಬ್ಬ.

ಕಥೆಯಲ್ಲ. ಗುಡುಗು ಮಳೆಯಲ್ಲಿ ಗಾಳಿಯಲ್ಲಿ ತೇಲಿ, ಕೆಲವು ಸೆಕೆಂಡು ಹೊಳೆದು ಮಾಯವಾಗುವ ಬೆಳಕಿನ ಉಂಡೆಯನ್ನು ಶತಮಾನಗಳಿಂದ ಜನ ಕಂಡಿದ್ದಾರೆ. 2012ರಲ್ಲಿ ಚೀನಾದ ಚಿಂಗ್‌ಹಾಯ್‌ನಲ್ಲಿ ಸಾಮಾನ್ಯ ಮಿಂಚನ್ನು ಅಳೆಯಲು ಹೋಗಿದ್ದ ವಿಜ್ಞಾನಿಗಳ ಕ್ಯಾಮೆರಾಕ್ಕೇ ಒಂದು ಸಿಕ್ಕಿಬಿಟ್ಟಿತು. ಅದರ ರೋಹಿತದಲ್ಲಿ ಕಂಡದ್ದು ಸಿಲಿಕಾನ್, ಕಬ್ಬಿಣ, ಕ್ಯಾಲ್ಸಿಯಂ. ಅಂದರೆ ಮಣ್ಣು! ಸಿಡಿಲು ಬಡಿದ ನೆಲದ ಸಿಲಿಕಾನ್ ಆವಿಯಾಗಿ, ಸೂಕ್ಷ್ಮ ಕಣಗಳಾಗಿ ಗಾಳಿಯಲ್ಲಿ ಮೆಲ್ಲಗೆ ಉರಿಯುತ್ತದೆ ಎಂದು ನ್ಯೂಜಿಲೆಂಡಿನ ಅಬ್ರಹಾಮ್‌ಸನ್ ಮತ್ತು ಡಿನ್ನಿಸ್ 2000ದಲ್ಲೇ ಹೇಳಿದ್ದರು. 2007ರಲ್ಲಿ ಬ್ರೆಜಿಲ್‌ನವರು ಸಿಲಿಕಾನ್ ಬಿಲ್ಲೆಗೆ ವಿದ್ಯುತ್ ಹಾಯಿಸಿ, ನೆಲದ ಮೇಲೆ ಪುಟಿಯುವ, 8 ಸೆಕೆಂಡಿನವರೆಗೆ ಉರಿಯುವ ಪುಟ್ಟ ಉಂಡೆಗಳನ್ನು ಮಾಡಿ ತೋರಿಸಿದರು. ಜರ್ಮನಿಯಲ್ಲಿ ಉಪ್ಪುನೀರಿನ ಮೇಲೆ ಸುಮಾರು 5,000 ವೋಲ್ಟ್ ಹಾಯಿಸಿ ಎಬ್ಬಿಸಿದ ಉಂಡೆ ದೊಡ್ಡದಿತ್ತು, ಆದರೆ ಒಂದು ಸೆಕೆಂಡೂ ಬಾಳಲಿಲ್ಲ. ಆಕಾಶದ್ದೂ ಪ್ರಯೋಗಾಲಯದ್ದೂ ಒಂದೇ ಎಂದು ಇನ್ನೂ ಸಾಬೀತಾಗಿಲ್ಲ. ಉತ್ತರ ಯಾವ ಗೈಡ್‌ನಲ್ಲೂ ಅಚ್ಚಾಗಿಲ್ಲ ಎನ್ನುವುದೇ ನನಗೆ ಇದರ ರುಚಿ.

ಹಾಗಂತ ರೂಮಿನಲ್ಲಿ ಹಳೇ ಮೈಕ್ರೋವೇವ್ ಓವನ್ ಬಿಚ್ಚಿ ಕೂರಬೇಡಿ ಮಾರಾಯ್ರೆ. ಲೆಕ್ಕ ಹಾಕಿ ನೋಡಿ: 1 ಮಿಲಿಫ್ಯಾರಡ್ ಕೆಪಾಸಿಟರ್‌ಗೆ 5,000 ವೋಲ್ಟ್ ತುಂಬಿಸಿದರೆ ಅದರಲ್ಲಿರುವುದು 12,500 ಜೂಲ್. ಲಯ ತಪ್ಪಿ ಅದುರುವ ಹೃದಯಕ್ಕೆ ಆಸ್ಪತ್ರೆಯಲ್ಲಿ ಕೊಡುವ ಶಾಕ್ ಹೆಚ್ಚೆಂದರೆ 360 ಜೂಲ್. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್ ಕಾದು ಕೂತಿರುತ್ತದೆ.

ಅದಕ್ಕೇ ಇದು ಕಾಲೇಜಿನ ಒಳಗೇ ನಡೆಯಬೇಕು. ಎಲೆಕ್ಟ್ರಿಕಲ್ ವಿಭಾಗಗಳಲ್ಲಿ ಹೈ ವೋಲ್ಟೇಜ್ ಲ್ಯಾಬ್ ಇದೆ. ಅಲ್ಲಿ ಕಿಡಿ ಹಾರಿಸಿ ಬರೆಯುವ ಅಂಕಿಗಳು ಸೀನಿಯರ್‌ಗಳ ರೆಕಾರ್ಡ್‌ನಲ್ಲಿ ಆಗಲೇ ಇರುತ್ತವೆ, ಅದು ಬೇರೆ ಮಾತು. ಊರಿನ ಇನ್ನೊಂದು ತುದಿಯಲ್ಲಿ ಐಐಎಸ್‌ಸಿಯ ಹೈ ವೋಲ್ಟೇಜ್ ಪ್ರಯೋಗಾಲಯವಿದೆ. ಅದೇ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಹಣದ ನೆರವು ಕೊಡುತ್ತದೆ. ನಾವೇ ಕೇಳಲು ಹೋಗುವುದಿಲ್ಲ.

'ಇದರಿಂದ ಕೆಲಸ ಸಿಗುತ್ತಾ?' ಅಂತ ಅಪ್ಪ ಕೇಳಿದರು. ಚೆಂಡು ಮಾಡಿದವನಿಗೆಂದೇ ಯಾವ ಕಂಪನಿಯೂ ಪ್ಯಾಕೇಜ್ ಇಟ್ಟುಕೊಂಡಿಲ್ಲ, ನಿಜ. ಆದರೆ ಅರ್ಧ ಸೆಕೆಂಡಿನ ಬೆಳಕನ್ನು ಕ್ಯಾಮೆರಾದಲ್ಲಿ ಹಿಡಿದು, ರೋಹಿತ ಓದಿ, ಇಂಟರ್‌ಲಾಕ್ ಕಟ್ಟಿ ಯಾರಿಗೂ ಶಾಕ್ ಹೊಡೆಯದಂತೆ ನೋಡಿಕೊಂಡವನು ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ತಡವರಿಸುವುದಿಲ್ಲ. ಕೊಂಡು ತಂದವನು ತಡವರಿಸುವುದನ್ನು ನಾನೇ ನೋಡಿದ್ದೇನೆ.

ನಿಜವಾದ ಅಡ್ಡಿ ಅಂಕದ್ದು. ಚೆಂಡು ಹುಟ್ಟದಿದ್ದರೆ, ಯಾಕೆ ಹುಟ್ಟಲಿಲ್ಲ ಎಂದು ನಾವು ಬರೆದ ಹತ್ತು ಪುಟಕ್ಕೂ ಅಂಕ ಕೊಡುವ ಪರೀಕ್ಷಕರು ಬೇಕು. ಇಲ್ಲಿಯವರೆಗೆ ಇಬ್ಬರು ಮೇಷ್ಟ್ರನ್ನು ಕೇಳಿದ್ದೇನೆ. ಒಬ್ಬರು 'ನೋಡೋಣ' ಅಂದಿದ್ದಾರೆ.